ಎರಡು ಅಕ್ಷರ ಹೆಚ್ಚು

ನನಗೆ ಬೆರಳು ಎಣಿಸುವ ಚಟವಿದೆ. ಹೆಬ್ಬೆರಳಿನ ತುದಿ ಉಳಿದ ನಾಲ್ಕು ಬೆರಳುಗಳ ಗೆಣ್ಣು ಹಿಡಿದು ಸದಾ ಮೇಲಿಂದ ಕೆಳಗೆ ಓಡಾಡುತ್ತಿರುತ್ತದೆ. ಮೊನ್ನೆ ಜಮಖಂಡಿಯಿಂದ ಬೀಳಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಇಳಿಯುವ ಮುಂಚೆ ದನಿ ತಗ್ಗಿಸಿ, ಯಾವ ಮಠದಲ್ಲಿ ಮಂತ್ರ ತೆಗೆದುಕೊಂಡಿದ್ದೀರಿ ಎಂದು ಕೇಳಿದರು. ನಾನು ಎಣಿಸುತ್ತಿದ್ದದ್ದು ಕಿಟಕಿಯ ಮೇಲಿನ 'ಕೈ ತಲೆ ಹೊರಗೆ ಚಾಚಬೇಡಿ' ಎಂಬ ಸೂಚನೆಯನ್ನು. ಹತ್ತು ಅಕ್ಷರ ಬಂದಿತ್ತು. ಇನ್ನು ಏಳು ಸಿಕ್ಕಿದ್ದರೆ ಹಾಯ್ಕು ಆಗುತ್ತಿತ್ತಲ್ಲ ಎಂಬ ಕೊರಗಿನಲ್ಲಿದ್ದೆ. ಇದನ್ನೆಲ್ಲ ಅವರಿಗೆ ಹೇಗೆ ವಿವರಿಸುವುದು? ಸುಮ್ಮನೆ ಕೈ ಮುಗಿದೆ. ಅವರೂ ಭಕ್ತಿಯಿಂದ ಕೈ ಮುಗಿದು ಇಳಿದು ಹೋದರು.

ಈ ಚಟ ನನಗೆ ಅಂಟಿದ್ದು ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ. ಐದಾರು ವರ್ಷಗಳ ಹಿಂದೆ ಮನೆಗೆ ಬೆಲ್ಲ ತರಲು ಹೋಗಿದ್ದೆ. ಬಸ್ಸು ತಪ್ಪಿತು. ಮಿರ್ಚಿ ಭಜಿ ಕಟ್ಟಿಸಿಕೊಂಡು ಬೆಲ್ಲದ ಪೆಂಟೆಯ ಪಕ್ಕ ಕುಳಿತೆ. ಕಟ್ಟಿಕೊಟ್ಟ ಕಾಗದವನ್ನು ಓದದೆ ಬಿಸಾಡಿ ಗೊತ್ತಿಲ್ಲದ ಮನುಷ್ಯ ನಾನು. ಅದು ಯಾವುದೋ ಹಳೆಯ ಪುರವಣಿಯ ಅರ್ಧ ಹಾಳೆ, ಅದರಲ್ಲಿ ಜಪಾನಿನ ಕಿರುಗವಿತೆಯ ಬಗ್ಗೆ ಒಂದು ಲೇಖನ. ಹಾಯ್ಕು ಎಂದರೆ ಮೂರೇ ಸಾಲು, ಐದು, ಏಳು, ಐದರಂತೆ ಒಟ್ಟು ಹದಿನೇಳು ಅಕ್ಷರ ಎಂಬಲ್ಲಿಯವರೆಗೆ ಅಚ್ಚು ಸ್ವಚ್ಛವಾಗಿತ್ತು. 'ಆದರೆ ಹಾಯ್ಕುವಿನ ಜೀವ ಈ ಎಣಿಕೆಯಲ್ಲಿಲ್ಲ, ಅದು ಇರುವುದು' ಎಂಬಲ್ಲಿಗೆ ಎಣ್ಣೆ ಶುರುವಾಗಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಹಿಂದಿನ ಪುಟದ ಕುಕ್ಕರ್ ಜಾಹೀರಾತು ಮುಂದಕ್ಕೆ ಮೂಡಿ ಬಂತೇ ಹೊರತು ಜೀವ ಎಲ್ಲಿದೆ ಎಂಬುದು ಕಾಣಲಿಲ್ಲ. ಹೀಗೆ ಹಾಯ್ಕುವಿನ ಶಾಸ್ತ್ರವನ್ನು ನಾನು ಅರ್ಧ ಮಾತ್ರ ಕಲಿತೆ. ಅದು ಎಣಿಕೆಯ ಅರ್ಧ.

ಆದರೂ ಅಷ್ಟು ಸಾಕಾಗಿತ್ತು. ಯಾಕೆಂದರೆ ನಾನು ಬೀಳಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮೂವತ್ತು ವರ್ಷ ಟಿಪ್ಪಣಿ ಬರೆದ ಕೈ ಇದು. ನಮ್ಮ ವಾಕ್ಯ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಒಮ್ಮೆ ಹೊರಟರೆ ಅದಕ್ಕೆ ಕ್ರಿಯಾಪದ ಸಿಗುವುದು ಮಗ್ಗುಲ ಪುಟದಲ್ಲಿ. ಕಚೇರಿಯ ಕಿಟಕಿಯ ಗಾಜು ಒಡೆದಿದೆ ಎಂದು ತಿಳಿಸಲು ಒಮ್ಮೆ ಒಂದೂವರೆ ಪುಟ ಬರೆದಿದ್ದೆ. ಸಾಹೇಬರು ಅದನ್ನು ಓದಿ, ಒಟ್ಟಿನಲ್ಲಿ ಗಾಜು ಒಡೆದಿದೆಯೋ ಇಲ್ಲವೋ ಎಂದು ಕರೆದು ಕೇಳಿದ್ದರು. ಅಂಥವನಿಗೆ ಹದಿನೇಳು ಅಕ್ಷರದಲ್ಲಿ ಕೈ ತೊಳೆದುಕೊಳ್ಳಬಹುದು ಎಂದು ತಿಳಿದರೆ ಹೇಗಾಗಬೇಡ? ದಿನವಿಡೀ ಹಾಕಿದ್ದ ಬಿಗಿ ಬೂಟು ಕಳಚಿದ ಹಾಗಾಯಿತು.

ಮನೆಗೆ ಬಂದವನೇ ಮೊದಲ ಹಾಯ್ಕು ಬರೆದೆ. ಮೇ ತಿಂಗಳು, ಜಮಖಂಡಿಯ ಬಿಸಿಲು, ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ನಾನು ಬರೆದದ್ದು ಇದು:

ಹಿಮ ಸುರಿದು
ಬೆಳ್ಳಗಾದವು ಬೆಟ್ಟ
ಒಂಟಿ ಕೊಕ್ಕರೆ

ಬೆರಳು ಮಡಚಿ ನೋಡಿಕೊಳ್ಳಿ, ಒಂದಕ್ಷರ ಆಚೀಚೆ ಇಲ್ಲ. ಹೆಂಡತಿ ಪಾರ್ವತಿಗೆ ಓದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಇದು ಯಾವ ಊರಿನ ಬೆಟ್ಟ ಎಂದು ಕೇಳಿದಳು. ಜಪಾನಿನದು ಎಂದೆ. ನೀವು ಯಾವಾಗ ಹೋಗಿದ್ದಿರಿ ಎಂದಳು. ಆಮೇಲೆ ಮೊರದಿಂದ ತಲೆ ಎತ್ತದೆಯೇ ಹೇಳಿದಳು: "ನಮ್ಮ ಕಡೆ ಬೆಳ್ಳಗಾಗೂದು ಗುಡ್ಡ ಅಲ್ಲರಿ, ಕೂದಲ."

ನಾನು ಆ ಹೊತ್ತಿಗೆ ತಲೆ ಮುಟ್ಟಿ ನೋಡಿಕೊಂಡೆನಾದರೂ ಹಾಯ್ಕು ಬಿಡಲಿಲ್ಲ. ಬರಬರುತ್ತ ಚಟ ಹೇಗೆ ಬೆಳೆಯಿತೆಂದರೆ, ಯಾರು ಏನೇ ಮಾತಾಡಲಿ, ನನಗೆ ಅರ್ಥಕ್ಕಿಂತ ಮೊದಲು ಲೆಕ್ಕ ಕೇಳಿಸತೊಡಗಿತು. ಒಂದು ಮುಂಜಾನೆ ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಪಾರ್ವತಿ ಕೂಗಿದಳು: "ಹಾಲುಕ್ಕತೈತಿ. ಗ್ಯಾಸ ಬಂದ ಮಾಡ್ರಿನ್ನ. ಕಿವಿ ಇಲ್ಲೇನ್ರಿ?" ನನ್ನ ಹೆಬ್ಬೆರಳು ತಾನಾಗಿ ಓಡಿತು. ಐದು. ಏಳು. ಐದು. ಮೈ ಜುಮ್ಮೆಂದಿತು. ಇನ್ನೊಮ್ಮೆ ಎಣಿಸಿದೆ, ಸರಿಯಾಗಿಯೇ ಇತ್ತು. ಇಪ್ಪತ್ತೈದು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ಹುಟ್ಟು ಕವಿ ಎಂದು ಹೇಳಲು ಹಿತ್ತಲಿಗೆ ಓಡಿದೆ. ಹೋಗುವ ದಾರಿಯಲ್ಲೇ ಅಡಿಗೆಮನೆ ಇತ್ತು, ಆದರೆ ನಾನು ಅತ್ತ ನೋಡಲಿಲ್ಲ. ಅವಳು ನನ್ನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಒಂದು ಒದ್ದೆ ಅರಿವೆ ಹಿಂಡಿ ಕೈಗೆ ಕೊಟ್ಟಳು. ಕಟ್ಟೆಯಿಂದ ನೆಲದವರೆಗೆ ಹಾಲು ಒರೆಸುವಾಗ ಹಿಮ ಬಿದ್ದ ಬೆಟ್ಟ ಹೇಗಿರುತ್ತದೆ ಎಂಬ ಅಂದಾಜು ಮೊದಲ ಸಲ ಸಿಕ್ಕಿತು.

ಇಂಥ ಚಟ ಇದ್ದವರಿಗೆ ಜೊತೆ ಬೇಗ ಸಿಗುತ್ತದೆ. ಮೊಬೈಲಿನ ದಯೆಯಿಂದ ನಾವು ನಾಲ್ಕು ಊರಿನ ನಾಲ್ಕು ಜನ ಒಂದು ಗುಂಪಾದೆವು. ಮುಧೋಳದ ಒಬ್ಬ ನಿವೃತ್ತ ಮಾಸ್ತರರು, ಬೀಳಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನಿರ್ಮಲಾ ಅವರು, ಬನಹಟ್ಟಿಯ ನನ್ನ ಬಾಲ್ಯದ ಗೆಳೆಯ ಶ್ರೀಶೈಲ, ಮತ್ತೆ ಜಮಖಂಡಿಯ ನಾನು. ತಿಂಗಳಿಗೊಮ್ಮೆ ರವಿವಾರ ಒಬ್ಬೊಬ್ಬರ ಊರಲ್ಲಿ ಕೂಡುವುದು, ಬರೆದದ್ದನ್ನು ಓದುವುದು, ಆ ಮನೆಯವರು ಹಾಕಿದ ಊಟ ಮಾಡಿ ಬರುವುದು. ಹದಿನೇಳು ಅಕ್ಷರದ ಕವಿತೆ ನಾಲ್ಕು ಓದಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಉಳಿದ ಮೂರು ತಾಸು ನಾವು ಜಗಳವಾಡುತ್ತಿದ್ದೆವು.

ಜಗಳ ಮುಖ್ಯವಾಗಿ ಮಾಸ್ತರರಿಗೂ ನನಗೂ. ಕನ್ನಡದಲ್ಲಿ ಅಕ್ಷರ ಎಣಿಸುವುದು ತಪ್ಪು, ಮಾತ್ರೆ ಎಣಿಸಬೇಕು ಎಂದು ಅವರ ವಾದ. ಒತ್ತಕ್ಷರ, ದೀರ್ಘ ಏನೇ ಬರಲಿ ಒಂದಕ್ಕೆ ಒಂದೇ ಎಂದು ನನ್ನದು. 'ಬಸ್' ಎಂಬ ಪದ ಒಂದಕ್ಷರವೋ ಎರಡೋ ಎಂಬ ಬಗ್ಗೆ ಒಮ್ಮೆ ಮುಧೋಳದಲ್ಲಿ ವಾದ ಎದ್ದು, ಅದು ತೀರ್ಮಾನವಾಗುವ ಹೊತ್ತಿಗೆ ಜಮಖಂಡಿಯ ಕೊನೆಯ ಬಸ್ಸೇ ಹೋಗಿಬಿಟ್ಟಿತ್ತು. ನಿರ್ಮಲಾ ಅವರು ನಮ್ಮ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ದಿನವೂ ಔಷಧಿಯ ಪೊಟ್ಟಣದ ಮೇಲೆ 'ಮುಂಜಾನೆ ಒಂದು, ಸಂಜೆ ಅರ್ಧ, ಊಟದ ನಂತರ' ಎಂದು ಬರೆದು ಅಭ್ಯಾಸವಾದವರು. ನಮ್ಮೆಲ್ಲರಿಗಿಂತ ಕಡಿಮೆ ಮಾತಾಡಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವರು ಅವರೇ.

ಋತುವಿನ ಪ್ರಶ್ನೆಯನ್ನು ಎತ್ತಿದ್ದೂ ಅವರೇ. ಹಾಯ್ಕುವಿನಲ್ಲಿ ಯಾವ ಕಾಲ ಎಂದು ತಿಳಿಸುವ ಒಂದು ಪದ ಇರಬೇಕಂತೆ. ಜಪಾನಿನವರು ಒಂದು ಹೂವಿನ ಹೆಸರು ಹೇಳಿದರೆ ಸಾಕು, ವಸಂತ ಬಂದಾಯಿತು. ನಮ್ಮ ಕಡೆ? ಮಾಸ್ತರರು ಬೇವಿನ ಹೂವು ಎಂದರು, ಒಪ್ಪಿದೆವು. ಸುಗ್ಗಿಗೆ ಎಳೆಜೋಳದ ತೆನೆ ಸುಟ್ಟು ಉಜ್ಜಿದ ಸೀತನಿ, ಅದಕ್ಕೂ ತಕರಾರಿಲ್ಲ. ಆದರೆ ಚಳಿಗಾಲಕ್ಕೆ ಏನು? ಇಬ್ಬನಿ, ಮಂಜು ಎಂದೆಲ್ಲ ನಾನು ಹುಡುಕುತ್ತಿದ್ದರೆ, ಶ್ರೀಶೈಲ ತಣ್ಣಗೆ ಹೇಳಿದ: ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಸಿಕ್ಕಿತೆಂದರೆ ಅದು ಚಳಿಗಾಲ. ಯಾರಿಗೂ ಎದುರಾಡಲು ಬರಲಿಲ್ಲ. ಅಂದಿನಿಂದ ನಮ್ಮ ನಾಲ್ವರ ಕವಿತೆಯಲ್ಲೂ ಹಿಮ ಕರಗಿ ಕಬ್ಬು ಬಂತು.

ಶ್ರೀಶೈಲನ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ತಂದೆ ಬನಹಟ್ಟಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಮನೆಯಲ್ಲಿ ಮಗ್ಗ. ಗೋಡೆಯ ಆಚೆ ಮಗ್ಗ ಬಡಿಯುವಾಗ ಈಚೆ ನಮ್ಮ ಮನೆಯ ಊಟದ ಅಡ್ಡಣಿಗೆಯ ಮೇಲಿನ ತಾಟು ಕುಣಿಯುತ್ತಿತ್ತು. ಆ ಮನೆಯವರೆಲ್ಲ ಸದ್ದಿನ ಮಧ್ಯೆ ಬದುಕಿ ದೊಡ್ಡ ದನಿಯವರು. ಶ್ರೀಶೈಲ ಶಾಲೆಯಲ್ಲಿ 'ಹಾಜರ್ ಸರ್' ಎಂದರೆ ಪಕ್ಕದ ಕೋಣೆಯ ಮಾಸ್ತರರು ಅಲ್ಲಿಂದಲೇ ಗದರುತ್ತಿದ್ದರು. ಆದರೆ ಮಗ್ಗದ ಹತ್ತಿರ ನಿಂತರೆ ಆ ಮನೆಯವರು ಮಾತೇ ಆಡುತ್ತಿರಲಿಲ್ಲ, ಎಲ್ಲ ಕೈಸನ್ನೆ. ಹೆಬ್ಬೆರಳು ಬಾಯಿಗೆ ಹೋದರೆ ಚಹಾ, ಎರಡು ಬೆರಳು ಹೊಸೆದರೆ ನೂಲು ಹರಿದಿದೆ, ಅಂಗೈ ಆಕಾಶಕ್ಕೆ ತಿರುಗಿದರೆ ಕರೆಂಟು ಯಾವಾಗ ಬರುತ್ತದೋ ದೇವರೇ ಬಲ್ಲ. ಹದಿನೇಳು ಅಕ್ಷರವೂ ಬೇಕಿರಲಿಲ್ಲ ಅವರಿಗೆ.

ಅವನ ಅವ್ವ ಪಡಸಾಲೆಯ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತ ಕೂಡುತ್ತಿದ್ದಳು. ಶಾಲೆ ಬಿಟ್ಟೊಡನೆ ನಾವಿಬ್ಬರೂ ಅವಳ ಎರಡೂ ಮಗ್ಗುಲಿಗೆ. ಅವಳು ಒಂದು ಕೈಯಿಂದ ರಾಟಿ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ಡಬ್ಬಿ ತೆಗೆದು ಬೆಲ್ಲದ ಹೆಂಟೆ ಕೊಡುತ್ತಿದ್ದಳು. ಮೊದಲು ನನಗೆ, ಆಮೇಲೆ ಮಗನಿಗೆ. ಮಾಸ್ತರ ಮಗ ಎಂಬ ಮರ್ಯಾದೆ ಅದು. ಆ ಬೆಲ್ಲಕ್ಕೆ ಸದಾ ಹತ್ತಿಯ ಎಳೆ ಅಂಟಿರುತ್ತಿತ್ತು. ಈಗಲೂ ನನಗೆ ಬರಿಯ ಬೆಲ್ಲ ತಿಂದರೆ ಏನೋ ಕಡಿಮೆಯಾಯಿತು ಅನಿಸುತ್ತದೆ. ಮುಂದೆ ನಾನು ಓದಿ ಗುಮಾಸ್ತನಾದೆ, ಶ್ರೀಶೈಲ ಎಂಟು ಪಾವರ್‌ಲೂಮ್ ಹಾಕಿದ, ನೂಲು ಸುತ್ತಲು ಮೋಟರು ಬಂತು. ಅವ್ವ ಮಾತ್ರ ತನ್ನ ರಾಟಿ ಬಿಡಲಿಲ್ಲ. ಹೋದ ವರ್ಷ ಆಷಾಢದಲ್ಲಿ ತೀರಿಕೊಳ್ಳುವ ಹಿಂದಿನ ದಿನದವರೆಗೂ ಸುತ್ತಿದಳು.

ಅವಳು ಹೋಗಿ ಒಂದೂವರೆ ತಿಂಗಳಿಗೆ ನಮ್ಮ ಕೂಟ ಜಮಖಂಡಿಯಲ್ಲಿ, ನಮ್ಮ ಮನೆಯಲ್ಲಿತ್ತು. ಶ್ರೀಶೈಲ ಬರುತ್ತಾನೋ ಇಲ್ಲವೋ ಅಂದುಕೊಂಡಿದ್ದೆವು. ಬಂದ. ಬೋಳಿಸಿದ ತಲೆಯ ಕೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಮಾಸ್ತರರು ಓದಿದರು, ನಿರ್ಮಲಾ ಅವರು ಓದಿದರು, ನಾನು ಓದಿದೆ. ಕೊನೆಗೆ ಅವನು ಅಂಗಿಯ ಜೇಬಿನಿಂದ ನೂಲಿನ ಬಂಡಲಿಗೆ ಸುತ್ತುವ ಕಾಗದದ ಚೂರೊಂದನ್ನು ತೆಗೆದು ಓದಿದ. ಆ ದೊಡ್ಡ ದನಿಯವನು ಅಂದು ಎಷ್ಟು ಮೆಲ್ಲಗೆ ಓದಿದನೆಂದರೆ ಮಾಸ್ತರರು ಕಿವಿಗೆ ಕೈ ಹಚ್ಚಿದರು.

ಅವ್ವನ ರಾಟಿ
ಮೂಲ್ಯಾಗ ಸುಮ್ಮನೈತಿ
ನೂಲು ಹರ್ದಿಲ್ಲ, ಅವ್ವಾ

ಓದುಗರೇ, ನಿಮಗೆ ಈ ಹೊತ್ತಿನಲ್ಲಿ ಏನು ಅನಿಸಿತೋ ನನಗೆ ಗೊತ್ತಿಲ್ಲ. ನನಗೆ ಏನು ಅನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಹೆಬ್ಬೆರಳು ಓಡಿತ್ತು. ಐದು, ಏಳು, ಏಳು. ಮೂರನೆಯ ಸಾಲಿಗೆ ಎರಡು ಅಕ್ಷರ ಹೆಚ್ಚು. ಉಳಿದಿಬ್ಬರೂ ಸುಮ್ಮನಿದ್ದರು. ಅವರು ಸುಮ್ಮನಿದ್ದದ್ದು ತಪ್ಪು ಸಿಗದೆ ಇರಬೇಕು ಎಂದು ನಾನು ತಿಳಿದೆ. ಗೆಳೆಯನಿಗೆ ಉಪಕಾರ ಮಾಡುವವನ ಹಾಗೆ ಕನ್ನಡಕ ಸರಿಮಾಡಿಕೊಂಡು ವಿವರಿಸತೊಡಗಿದೆ. ಅವ್ವ ಮೊದಲ ಸಾಲಿನಲ್ಲಿಯೇ ಬಂದಿದ್ದಾಳೆ, ಮೂರನೆಯ ಸಾಲಿನಲ್ಲಿ ಮತ್ತೆ ಬಂದದ್ದು ಪುನರುಕ್ತಿ, ಕಿರುಗವಿತೆಯಲ್ಲಿ ಜಾಗ ಬಹಳ ಇಕ್ಕಟ್ಟು. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಮೂವತ್ತು ವರ್ಷದ ಟಿಪ್ಪಣಿಯ ಅಭ್ಯಾಸ, ಕೊನೆಗೊಂದು ಶಿಫಾರಸು ಇರಲೇಬೇಕು.

"ಕಡೀ ಸಾಲಿನ ಅವ್ವನ್ನ ತಗದ ಬಿಡು, ಬರೋಬ್ಬರಿ ಆಕ್ಕತಿ" ಎಂದೆ.

ಶ್ರೀಶೈಲ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. "ಅಕಿ ಹೋಗಿ ಇನ್ನ ಎರಡ ತಿಂಗಳಾಗಿಲ್ಲೋ ಬಸ್ಯಾ" ಎಂದ. ಅಷ್ಟೇ. ಊಟಕ್ಕೆ ಕುಳಿತ, ಪಾರ್ವತಿ ಹಾಕಿದ್ದನ್ನು ತಿಂದ, ಅವಳಿಗೆ ಕೈ ಮುಗಿದು ಹೊರಟ. ಅವನ ಬಸ್ಸು ಬನಹಟ್ಟಿ ಮುಟ್ಟುವ ಮೊದಲೇ ನಮ್ಮ ಮೊಬೈಲಿನಲ್ಲಿ ಒಂದು ಸಾಲು ಬಂತು: ಶ್ರೀಶೈಲ ಗುಂಪನ್ನು ತೊರೆದಿದ್ದಾರೆ. ಅದನ್ನು ನಾನು ಎಣಿಸಲಿಲ್ಲ ಎಂದು ಹೇಳಿದರೆ ನೀವು ನಂಬಬೇಕು.

ಗಣಪತಿ ಬಂದು ಹೋದ, ದಸರೆ ಆಯಿತು, ದೀಪಾವಳಿ ಆಯಿತು. ಫೋನು ಮಾಡಿದರೆ ಶ್ರೀಶೈಲ ಎತ್ತುತ್ತಿರಲಿಲ್ಲ. ನಾನು ಕ್ಷಮೆ ಕೇಳಿ ಸಂದೇಶ ಕಳಿಸಿದೆ. ಹೇಗೆ ಕಳಿಸಿದೆ ಎಂದು ನೀವು ಊಹಿಸಬಲ್ಲಿರಿ. ಹಾಯ್ಕುವಿನಲ್ಲಿ. ಒಂದಾದ ಮೇಲೊಂದು ಏಳೆಂಟು ಕಳಿಸಿದೆ, ಒಂದೊಂದೂ ಹದಿನೇಳಕ್ಕೆ ಸರಿಯಾಗಿ. ಎಲ್ಲದರ ಪಕ್ಕಕ್ಕೂ ಓದಿದ ಗುರುತಿನ ಎರಡು ನೀಲಿ ಗೆರೆ ಮೂಡಿದವು, ಉತ್ತರ ಬರಲಿಲ್ಲ. ಆಮೇಲೆ ವಿಸ್ತಾರವಾಗಿ ಒಂದು ಪತ್ರ ಬರೆಯಲು ಕುಳಿತೆ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಕಳೆದ ಶ್ರಾವಣದಲ್ಲಿ ಜರುಗಿದ ಸಭೆಯಲ್ಲಿ ತಮ್ಮ ಮಾತೃಶ್ರೀಯವರನ್ನು ಕೈಬಿಡುವಂತೆ ಸೂಚಿಸಿದ್ದು' ಎಂಬಲ್ಲಿಗೆ ಬಂದಾಗ ನನಗೇ ಹೆದರಿಕೆಯಾಗಿ ಹರಿದು ಹಾಕಿದೆ. ನನಗೆ ಬರೆಯಲು ಬರುತ್ತಿದ್ದ ಬಗೆ ಎರಡೇ. ಎರಡೂ ಈ ಕೆಲಸಕ್ಕೆ ಬಾರದವು.

ಇದನ್ನೆಲ್ಲ ಪಾರ್ವತಿ ನೋಡುತ್ತಲೇ ಇದ್ದಳು. ಎಳ್ಳಮವಾಸ್ಯೆಯ ಮುಂಜಾನೆ ನಾನು ಮತ್ತೆ ಮೊಬೈಲು ಹಿಡಿದು ಗೆಣ್ಣು ಎಣಿಸುತ್ತಿದ್ದಾಗ ಅವಳಿಗೆ ಸಾಕಾಯಿತು.

"ತಪ್ಪ ಮಾಡೂವಾಗ ತಾಸಗಟ್ಟಲೆ ಭಾಷಣಾ ಮಾಡಿದ್ರಿ" ಎಂದಳು. "ಈಗ ತಪ್ಪಾತು ಅನ್ನೂದಕ್ಕ ಇಷ್ಟ ಲೆಕ್ಕ ಯಾಕ? ಎದ್ದ ಬಸ್ ಹತ್ರಿ."

ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ನಾನು ಬನಹಟ್ಟಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಸಿಕ್ಕು ಬಸ್ಸು ಅದರ ಹಿಂದೆ ಆಮೆಯ ಹಾಗೆ ತೆವಳಿತು. ನನಗೇನೂ ಅವಸರವಿರಲಿಲ್ಲ. ಹೋಗಿ ಏನು ಹೇಳಬೇಕು ಎಂಬುದು ಗೊತ್ತಾಗದವನಿಗೆ ನಿಧಾನ ಹೋಗುವ ಬಸ್ಸೇ ಒಳ್ಳೆಯದು. ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ನೂಲಿನ ಮಾರುಕಟ್ಟೆ ಹೇಗಿದೆ ಎಂದು ಕೇಳಬೇಕು, ಆಮೇಲೆ ಅವ್ವನ ವಿಷಯಕ್ಕೆ ಬರಬೇಕು ಎಂದು ಮನಸ್ಸಿನಲ್ಲಿ ಕಡತ ಸಿದ್ಧಪಡಿಸಿಕೊಂಡೆ.

ನನ್ನ ಕಡತದಲ್ಲಿ ಪಾವರ್‌ಲೂಮಿನ ಸದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನ ಓಣಿಗೆ ಕಾಲಿಟ್ಟೊಡನೆ ಎರಡೂ ಬದಿಯ ಶೆಡ್ಡುಗಳಿಂದ ಖಟಖಟ ಎಂದು ಕಿವಿ ತುಂಬಿತು. ಒಳಗೆ ಹೋದರೆ ಎಂಟೂ ಮಗ್ಗ ಒಟ್ಟಿಗೆ ನಡೆದಿವೆ. ಆಚೆ ಬದಿಗೆ ಇಬ್ಬರು ಹೆಣ್ಣುಮಕ್ಕಳು ಮೋಟರಿನ ಮೇಲೆ ನೂಲು ಸುತ್ತುತ್ತಿದ್ದಾರೆ. ಶ್ರೀಶೈಲ ಒಂದು ಮಗ್ಗದ ಮೇಲೆ ಬಾಗಿ ಹರಿದ ಎಳೆ ಕೂಡಿಸುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ನಗಲಿಲ್ಲ, ಹೋಗು ಎನ್ನಲೂ ಇಲ್ಲ. ಮತ್ತೆ ಎಳೆಯ ಕಡೆ ಬಾಗಿದ.

ನಾನು ಹತ್ತಿರ ಹೋಗಿ, ಆರಾಮ ಇದ್ದೀಯೇನು ಎಂದೆ. ಅವನು ಕಿವಿ ಮುಟ್ಟಿ, ಕೇಳುವುದಿಲ್ಲ ಎಂದು ಕೈಯಾಡಿಸಿದ. ಆ ಸದ್ದಿನಲ್ಲಿ ಐವತ್ತು ವರ್ಷ ತುಟಿ ನೋಡಿಯೇ ಮಾತು ತಿಳಿದವನು ಅವನು. ಕೇಳುವುದಿಲ್ಲ ಎಂದರೆ ಕೇಳಿಸಿಕೊಳ್ಳುವುದಿಲ್ಲ ಎಂದೇ ಅರ್ಥ. ಆರೋಗ್ಯ, ಮಾರುಕಟ್ಟೆ ಎರಡನ್ನೂ ಕೈಬಿಟ್ಟು, ತಪ್ಪಾತು ಎಂದು ಕೂಗಿದೆ. ಮತ್ತೆ ಕಿವಿ ಮುಟ್ಟಿದ. ಇನ್ನೂ ಜೋರಾಗಿ ಕೂಗಿದೆ. ಅವನು ಎಳೆ ಬಿಟ್ಟು ಎದ್ದು ನಿಂತ, ಆದರೆ ಮುಖ ಬದಲಾಗಲಿಲ್ಲ. ಹೆಣ್ಣುಮಕ್ಕಳು ನನ್ನನ್ನೂ ಡಬ್ಬಿಯನ್ನೂ ನೋಡತೊಡಗಿದರು. ನನಗೆ ಒಮ್ಮೆಲೇ ಸಿಟ್ಟು, ಅಳು, ನಾಚಿಕೆ ಎಲ್ಲ ಕೂಡಿ ಬಂತು. ಎದೆ ತುಂಬ ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ, ಹುಟ್ಟಿದಾಗಿನಿಂದ ಕೂಗದಷ್ಟು ಜೋರಾಗಿ ಕೂಗಿದೆ.

ಕೂಗುವ ಅದೇ ಹೊತ್ತಿಗೆ ಕರೆಂಟು ಹೋಯಿತು.

ಎಂಟೂ ಮಗ್ಗ ಒಂದು ಉಸಿರು ಬಿಟ್ಟು ನಿಂತವು. ಪಕ್ಕದ ಶೆಡ್ಡು ನಿಂತಿತು, ಎದುರಿನದು ನಿಂತಿತು, ಇಡೀ ಓಣಿ ನಿಂತಿತು. ಆ ಮೌನದಲ್ಲಿ ನನ್ನ ದನಿ ಒಂದೇ ತಗಡಿನ ಚಾವಣಿಗೆ ಬಡಿದು ಓಣಿಯ ತುದಿಯವರೆಗೂ ಹೋಯಿತು.

"ಅವ್ವನ್ನ ತಗೀಬಾರದಿತ್ತೋ ಶ್ರೀಶೈಲಾ, ನಾ ತಪ್ಪ ಮಾಡೇನಿ!"

ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಶೆಡ್ಡಿನ ಗೋಡೆಯ ಆಚೆಯಿಂದ ಒಬ್ಬ ಮುದುಕನ ದನಿ ಕೇಳಿತು: "ಯಾರ ಅವ್ವನ್ನ ಯಾರ ತಗದ್ರಪಾ?"

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ಶ್ರೀಶೈಲನ ಮುಖ ಒಮ್ಮೆ ಬಿಗಿಯಿತು, ಆಮೇಲೆ ಸಡಿಲಾಯಿತು. ಅವನು ಮಗ್ಗದ ಪಕ್ಕದ ಹಲಗೆಯ ಮೇಲೆ ಕುಳಿತು, ನನಗೂ ಜಾಗ ಬಿಟ್ಟ. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆಮೇಲೆ ಅವನೇ ಮಾತು ತೆಗೆದ. ನಮ್ಮ ಮನೆಯಿಂದ ಬಂದ ದಿನವೇ ಆ ಎರಡು ಅಕ್ಷರ ತೆಗೆದು ನೋಡಿದನಂತೆ. ನಾನು ಹೇಳಿದ್ದು ಸರಿಯೇ ಇರಬಹುದು ಎಂದು ಒಂದು ವಾರ ಹಾಗೆಯೇ ಇಟ್ಟುಕೊಂಡಿದ್ದನಂತೆ.

"ಲೆಕ್ಕ ಬರೋಬ್ಬರಿ ಆತು" ಎಂದ. "ಖರೆ, ಯಾರಿಗೆ ಹೇಳಾಕತ್ತೇನಿ ಅನ್ನೂದ ಹೋತು. ರಾಟಿ ಐತಿ, ನೂಲ ಐತಿ, ಅದನ್ನ ಊರಿಗೆಲ್ಲಾ ಹೇಳಿಧಂಗ ಆತು. ನಾ ಊರಿಗೆ ಹೇಳಿದ್ದಿಲ್ಲ. ಅಕಿಗೆ ಹೇಳಿದ್ದೆ."

ಅವನು ಎಳೆ ಹೊಸೆದ ಬೆರಳುಗಳನ್ನು ನೋಡಿಕೊಳ್ಳುತ್ತ ಇನ್ನೊಂದು ಮಾತು ಹೇಳಿದ. "ಮಾಸ್ತರ ಎಣಸಿದ್ರ ನನಗ ಸಿಟ್ಟ ಬರತಿದ್ದಿಲ್ಲ. ನೀ ಅಕಿ ಕೈಯಾಗಿನ ಬೆಲ್ಲಾ ತಿಂದಾಂವ. ನೀನೂ ಎಣಸಿದೆಲ್ಲೋ."

ಹಾಯ್ಕುವಿನ ಬಗ್ಗೆ ಮುಂದೆ ನಾನು ಎಷ್ಟೋ ಓದಿದ್ದೇನೆ. ಹೇಳದೆ ಬಿಟ್ಟದ್ದೇ ಅದರ ಸೊಗಸು, ಎರಡು ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿ ಅದರ ಉಸಿರು, ಎಂದೆಲ್ಲ ಬಲ್ಲ ಜನ ಬರೆದಿದ್ದಾರೆ. ಆದರೆ ಯಾವ ಮಾತನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ನನಗೆ ಕಲಿಸಿದ್ದು ಆ ಹಲಗೆ.

ರಾಟಿ ನೋಡುತ್ತೀಯಾ ಎಂದು ಶ್ರೀಶೈಲ ಕೇಳಿದ. ಒಳಗೆ ಕರೆದುಕೊಂಡು ಹೋದ. ಅದೇ ಮೂಲೆಯಲ್ಲಿತ್ತು. ಅರ್ಧ ಸುತ್ತಿದ ಬಿಳಿಯ ನೂಲು ಹಾಗೆಯೇ, ಒಂದು ಎಳೆ ನೂಲಿನ ಲಡಿಯಿಂದ ಕದಿರಿನವರೆಗೆ ಹಿಡಿದುಕೊಂಡಿತ್ತು. ಐದು ತಿಂಗಳಿನಿಂದ ಆ ಮೂಲೆಯ ಕಸ ಗುಡಿಸುವಾಗ ಮನೆಯವರೆಲ್ಲ ಬಾಗಿ, ಬಳಸಿ, ಆ ಎಳೆಗೆ ಸೆರಗು ತಾಗದ ಹಾಗೆ ಓಡಾಡುತ್ತಾರಂತೆ. ನಾನು ಮೊದಲೇ ಕೈ ಕಾಲು ಅಂಕೆಯಲ್ಲಿಲ್ಲದ ಮನುಷ್ಯ. ಮುರಿದ ಗೆಳೆತನ ಕೂಡಿಸಲು ಬಂದವನು ಹರಿಯದ ನೂಲು ಹರಿದು ಹೋದರೆ ಏನು ಗತಿ ಎಂದು ನಾಲ್ಕು ಮಾರು ದೂರವೇ ಗೋಡೆಗೆ ಅಂಟಿ ನಿಂತೆ. ಹತ್ತಿರ ಬಾ ಎಂದ. ಬೇಡ, ಇಲ್ಲಿಂದಲೇ ಕಾಣುತ್ತದೆ ಎಂದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ನಾವು ಶೆಡ್ಡಿಗೆ ಮರಳಿ ಚಹಾ ಕುಡಿದು ಒಂದೊಂದು ಹೋಳಿಗೆ ತಿನ್ನುವಷ್ಟರಲ್ಲಿ ಕರೆಂಟು ಬಂತು. ಎಂಟೂ ಮಗ್ಗ ಎದ್ದವು. ನಾನು ಹೊರಡಲು ಎದ್ದೆ. ಶ್ರೀಶೈಲ ಬಾಗಿಲವರೆಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಅಷ್ಟು ತಿಂಗಳ ಮೇಲೆ ಅವನು ನಗುತ್ತ ಆಡಿದ ಮಾತಿಗೆ ಏನಂದೆ ಎಂದು ಕೇಳುವುದು ಹೇಗೆ? ಹೂಂ ಎಂದು ತಲೆಯಾಡಿಸಿದೆ. ಅವನು ಪಕ್ಕದ ಶೆಡ್ಡಿನ ಕಡೆ ಕೈ ತೋರಿಸಿ ಇನ್ನೇನೋ ಹೇಳಿದ. ಅದಕ್ಕೂ ಹೂಂ ಎಂದೆ. ಏನೋ ಒಳ್ಳೆಯ ಮಾತೇ ಇರಬೇಕು ಎಂದುಕೊಂಡು ಬಸ್ಸು ಹತ್ತಿದೆ. ಮನೆಯಲ್ಲಿ ಪಾರ್ವತಿ, ಏನಂದರು ಎಂದು ಕೇಳಿದಳು. ಎಲ್ಲ ಸರಿಹೋಯಿತು ಎಂದಷ್ಟೇ ಹೇಳಿದೆ.

ಮುಂದಿನ ರವಿವಾರ ಹನ್ನೆರಡು ಹೊಡೆದಿತ್ತು. ನಾನು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತಿದ್ದೆ. ಮನೆಯ ಮುಂದೆ ಒಂದು ಟೆಂಪೊ ನಿಂತಿತು. ಅದರಿಂದ ಮೊದಲು ಶ್ರೀಶೈಲ ಇಳಿದ. ಆಮೇಲೆ ಅವನ ಹೆಂಡತಿ, ಇಬ್ಬರು ಮಕ್ಕಳು, ಇಬ್ಬರು ಸೊಸೆಯಂದಿರು, ಇಬ್ಬರು ಮೊಮ್ಮಕ್ಕಳು. ಎಲ್ಲರಿಗೂ ಕೊನೆಗೆ, ಎರಡೂ ಕಡೆ ಹಿಡಿದು ಇಳಿಸಿಕೊಳ್ಳಬೇಕಾದಂಥ ಒಬ್ಬ ಮುದುಕ. ಪಾರ್ವತಿ ಬಾಗಿಲಿಗೆ ಬಂದು ಅವರನ್ನೆಲ್ಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ವೈನಿ, ಬಸ್ಯಾ ಹೇಳ್ಯಾನಲ್ಲರಿ?" ಎಂದ ಶ್ರೀಶೈಲ, ತನ್ನ ಹಳೆಯ ದೊಡ್ಡ ದನಿಯಲ್ಲಿ. "ರವಿವಾರ ಎಲ್ಲಾರೂ ಊಟಕ್ಕ ಬರ್ತೇವಿ ಅಂದೆ, ಹೂಂ ಅಂದ. ಬಾಜೂ ಅಜ್ಜನ್ನೂ ಕರಕೊಂಡ ಬರ್ತೇವಿ ಅಂದೆ, ಅದಕ್ಕೂ ಹೂಂ ಅಂದ."

ಪಾರ್ವತಿ ಕಣ್ಣು ಮಿಟುಕಿಸಲಿಲ್ಲ. "ಹೇಳ್ಯಾರ್ರಿ. ನಿಮ್ಮ ದಾರೀನ ನೋಡಾಕತ್ತಿದ್ವಿ, ಒಳಗ ಬರ್ರಿ" ಎಂದಳು. ನನ್ನ ಮುಂದೆ ಹಾದು ಹೋಗುವಾಗ ಮಾತ್ರ ದನಿ ತಗ್ಗಿಸಿ, ಹಿಂದಿನ ಬಾಗಿಲಿನಿಂದ ಹೋಗಿ ಹಿಟ್ಟು, ಬದನೆಕಾಯಿ, ಮೊಸರು ತರಲು ಹೇಳಿದಳು. ನಾನು ಬನಿಯನ್ನಿನಲ್ಲೇ ಓಡಿದೆ. ತರುವಷ್ಟರಲ್ಲಿ ಶ್ರೀಶೈಲನ ಹೆಂಡತಿಯೂ ಸೊಸೆಯಂದಿರೂ ಸೆರಗು ಸಿಗಿಸಿ ಒಲೆಯ ಮುಂದೆ ಕುಳಿತಾಗಿತ್ತು. ರೊಟ್ಟಿ ಬಡಿಯುವ ಸದ್ದಿಗೆ ಮನೆಯೇ ಮಗ್ಗದ ಮನೆಯಾಗಿತ್ತು.

ಎರಡೂವರೆಗೆ ಪಂಕ್ತಿ ಕುಳಿತೆವು. ಪಕ್ಕದ ಶೆಡ್ಡಿನ ಅಜ್ಜ ನನ್ನ ಮಗ್ಗುಲಲ್ಲೇ ಕುಳಿತ. ಎರಡು ರೊಟ್ಟಿ ಮುಗಿಯುವವರೆಗೆ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ ಶ್ರೀಶೈಲನ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿದ: "ಅವ್ವನ್ನ ತಗದಾಂವ ಇಂವನ ಏನು?"

ಬಡಿಸುತ್ತಿದ್ದ ಪಾರ್ವತಿಯ ಕೈ ನಿಂತಿತು. ಮಕ್ಕಳು ಊಟ ಬಿಟ್ಟು ನೋಡಿದರು. ಶ್ರೀಶೈಲ ಬಾಯಲ್ಲಿದ್ದ ತುತ್ತು ನುಂಗಿ, ನನ್ನನ್ನೊಮ್ಮೆ ನೋಡಿ, ಅಜ್ಜನ ಕಿವಿಯ ಹತ್ತಿರ ಬಾಗಿದ.

"ಹೌದ್ರಿ ಅಜ್ಜ. ತಿರುಗಿ ತಂದ ಕೊಟ್ಟಾನ್ರಿ."

ಅಜ್ಜನಿಗೆ ಕೇಳಲಿಲ್ಲವೆಂದು ಕಾಣುತ್ತದೆ. ಹೂಂ ಎಂದು ತಲೆಯಾಡಿಸಿ, ತಾಟನ್ನು ಪಾರ್ವತಿಯ ಕಡೆ ಸರಿಸಿ, ಇನ್ನೊಂದು ರೊಟ್ಟಿ ಕೇಳಿದ.